ಉರುಳಿ ತೊಳೆಯುತ್ತಿದ್ದವರು

ಕಲೂರ್, ೧೬ ಜುಲೈ ೧೯೬೮, ಮಂಗಳವಾರ

ಅಶೋಕ. ಮತ್ತೆ ಅಶೋಕ. ಎ ಸೆಕ್ಷನ್ನಿಗೆ ಒಂದು ಸಲ, ಬಿ ಸೆಕ್ಷನ್ನಿಗೆ ಒಂದು ಸಲ. ದಾರಿಯ ಬದಿ ಮರ ನೆಡಿಸಿದನು, ಬಾವಿ ತೋಡಿಸಿದನು, ಫುಲ್‌ಸ್ಟಾಪ್. ಬಿ ಸೆಕ್ಷನ್ನಿನಲ್ಲಿ ಅರ್ಧ ದಾರಿಗೆ ನನಗೇ ತೂಕಡಿಕೆ ಬಂತು. ಮಕ್ಕಳು ತಲೆ ಎತ್ತಲಿಲ್ಲ, ಕಳಿಂಗ ಯುದ್ಧವನ್ನು ಎರಡು ಸಲ ಬರೆದುಕೊಂಡರು. ಒಬ್ಬರಾದರೂ ಕೇಳಬಾರದೇ?

ಬಸ್ಸಿನಲ್ಲಿ ನಿಂತೇ ಬಂದೆ. ಸೀರೆಯ ಅಂಚೆಲ್ಲ ಕೆಸರು. ಇವರು ಆಗಲೇ ಆಫೀಸಿನಿಂದ ಬಂದು ಕಾಫಿ ಸೋಸುತ್ತಿದ್ದರು. “ಏನಮ್ಮಾ, ಇವತ್ತು ಯಾವ ರಾಜ ಸತ್ತ?” ದಿನಾ ಇದೇ ಜೋಕು. ನಗುವುದಕ್ಕೂ ಶಕ್ತಿ ಇರಲಿಲ್ಲ.

೨೭ ಜುಲೈ, ಶನಿವಾರ

ಮಕ್ಕಳನ್ನು ಮಟ್ಟಾಂಚೇರಿ ಅರಮನೆಗೆ ಕರೆದುಕೊಂಡು ಹೋಗಿದ್ದೆವು. ಜೆಟ್ಟಿಯಿಂದ ಬೋಟು. ಸ್ಕೂಲಿನವರ ಲೆಕ್ಕದಲ್ಲಿ ಇದು ಪಿಕ್‌ನಿಕ್. ಮಕ್ಕಳ ಲೆಕ್ಕದಲ್ಲಿ ಹೋಂವರ್ಕ್. ಒಳಗೆ ಹೋದದ್ದೇ ಪೆನ್ಸಿಲ್ ತೆಗೆದು ಬೋರ್ಡಿನ ಮೇಲಿದ್ದದ್ದನ್ನೆಲ್ಲ ಕಾಪಿ ಮಾಡಿಕೊಂಡರು. ಗೋಡೆಯ ಚಿತ್ರ, ಪಲ್ಲಕ್ಕಿ, ರಾಜರ ಪಟ — ಯಾವುದನ್ನೂ ನೋಡಲಿಲ್ಲ. ನಾನು ಕಲಿಸಿದ ಮಕ್ಕಳೇ, ಇನ್ನು ಹೇಗಿರುತ್ತಾರೆ.

ಮನೆಯಲ್ಲಿ ಯಾರೂ ಇಲ್ಲವೆಂದು ವಸಂತಿಯನ್ನೂ ಕರೆದೊಯ್ದಿದ್ದೆ. ಏಳು ವರ್ಷದವಳಿಗೆ ಏನು ಇತಿಹಾಸ. ಪಲ್ಲಕ್ಕಿಯ ಮುಂದೆ ನಿಂತುಬಿಟ್ಟಳು. ಎಳೆದರೂ ಬರಲೊಲ್ಲಳು.

“ಅಮ್ಮೇ, ರಾಜ ಒಳಗೆ ಕೂತ್ಕೋತಾನೆ. ಹೊತ್ತವರು ಎಲ್ಲಿ ಕೂತ್ಕೋತಾರೆ?”

ಇಷ್ಟು ವರ್ಷದ ನೋಟ್ಸಿನಲ್ಲಿ ಈ ಪ್ರಶ್ನೆ ಇಲ್ಲ. ಉತ್ತರವೂ ಇಲ್ಲ. ಬೋಟಿನಲ್ಲಿ ವಾಪಸು ಬರುವಾಗ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಖುಷಿಯಾಯಿತು. ಹೊಟ್ಟೆಯೂ ಉರಿಯಿತು — ನನ್ನ ಕ್ಲಾಸಿನ ಒಂದು ಮಗುವಿಗೂ ಇದು ಹೊಳೆಯಲಿಲ್ಲವಲ್ಲ.

ಕಲೂರ್, ೩ ಮೇ ೧೯೭೧

ಟ್ರಂಕಿನ ಅಡಿಯಲ್ಲಿ ಈ ಡೈರಿ ಸಿಕ್ಕಿತು. ಮೂರು ವರ್ಷ ಬರೆದೇ ಇಲ್ಲ. ಬರೆಯುವುದಕ್ಕಾದರೂ ಏನಿತ್ತು... ಅಶೋಕ ಬಂದ, ಅಕ್ಬರ ಬಂದ, ಪರೀಕ್ಷೆ ಬಂತು.

ಇವರಿಗೆ ಟ್ರಾನ್ಸ್‌ಫರ್. ತಿರುವನಂತಪುರ. ಮೈಸೂರು ಬಿಟ್ಟು ಕೇರಳಕ್ಕೆ ಬಂದ ಮೇಲೆ ಇದು ಎಷ್ಟನೆಯ ಪ್ಯಾಕಿಂಗ್ ಎಂದು ಲೆಕ್ಕ ಇಡುವುದನ್ನೂ ಬಿಟ್ಟಿದ್ದೇನೆ. ಒರಳು, ದೊಡ್ಡ ಹಂಡೆ ಎರಡನ್ನೂ ಪಕ್ಕದ ಮನೆಯವರಿಗೇ ಕೊಟ್ಟುಬಿಟ್ಟೆ.

ತಿರುವನಂತಪುರ, ೧೨ ಜೂನ್, ಶನಿವಾರ

ಚಾಲೈ ಬಜಾರಿಗೆ ಹೋಗಿದ್ದೆವು. ಅಬ್ಬಾ, ಏನು ಜನ, ಏನು ಗಾಡಿ. ಅಗಲ ಬಾಯಿಯ ಒಂದು ಕಂಚಿನ ಪಾತ್ರೆ ತಂದೆವು. ಇಲ್ಲಿಯವರು ಉರುಳಿ ಅನ್ನುತ್ತಾರೆ. ಪಾಯಸಕ್ಕೆ ಇದೇ ಬೇಕಂತೆ. ತಂದವರು ಇವರು, ತೊಳೆಯುವವಳು ನಾನು. ಹುಣಿಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಮಣಿಕಟ್ಟು ಬಿದ್ದುಹೋಯಿತು. “ಎಷ್ಟು ಚೆನ್ನಾಗಿ ಹೊಳೀತಿದೆ ನೋಡು” ಅಂದರು. ಹೊಳೆಯುತ್ತದೆ, ಏಕೆ ಹೊಳೆಯಬಾರದು.

ನಂದಂಕೋಡಿನ ಹುಡುಗಿಯರ ಸ್ಕೂಲಿನಲ್ಲಿ ಕೆಲಸ ಸಿಕ್ಕಿದೆ. ಕೇಂದ್ರ ಸರ್ಕಾರದ ಆಫೀಸುಗಳವರ, ತುಂಬಾದ ರಾಕೆಟ್ ಸ್ಟೇಷನ್ನಿನವರ ಮಕ್ಕಳೇ ಹೆಚ್ಚು. ಗೇಟಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಮ್ಯೂಸಿಯಂ. ಅದನ್ನು ನೋಡಿದ ಮೇಲೆ ಮನಸ್ಸು ಒಂದೇ ಸಮ ಅದರ ಕಡೆಗೇ ಓಡುತ್ತಿದೆ.

೨೨ ಜೂನ್ ೧೯೭೨, ಗುರುವಾರ

ಸಿಕ್ಕಿತು! ವರ್ಷವಿಡೀ ಬೆನ್ನು ಬಿದ್ದದ್ದಕ್ಕೆ ಸಿಕ್ಕಿತು. ಆರನೇ ಕ್ಲಾಸಿಗೆ ಗುರುವಾರ ಮೂರನೇ ಪೀರಿಯಡ್ ಮ್ಯೂಸಿಯಂನಲ್ಲಿ. ನಮ್ಮ ಪ್ರಿನ್ಸಿಪಾಲ್ ನಿತ್ಯಾನಂದ ರಾವ್ ಮಂಗಳೂರಿನವರು. ಇಡೀ ಸ್ಕೂಲಿನಲ್ಲಿ ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಬೈಯುತ್ತಾರೆ.

“ಒಂದು ವರ್ಷ ನೋಡುವ, ರಾಜಲಕ್ಷ್ಮಿ ಟೀಚರ್. ಆದ್ರೆ ಇನ್‌ಸ್ಪೆಕ್ಟ್ರು ಬಂದಾಗ ಮಕ್ಕಳು ಟಪಟಪ ಉತ್ತರ ಹೇಳ್ಬೇಕು. ಇಲ್ಲಾಂದ್ರೆ ನಿಲ್ಸುದೇ. ಮತ್ತೆ ನನ್ನತ್ರ ಬಂದು ಅಳ್ಬಾರ್ದು ಮಾರಾಯ್ರೆ.”

ಅಳುವುದಿಲ್ಲ ಅಂದೆ. ಆದರೆ ಇದೂ ಕೈಬಿಟ್ಟರೆ ಮತ್ತೆ ನೋಟ್ಸ್. ರಿಟೈರ್ ಆಗುವ ತನಕ ನೋಟ್ಸ್. ಅದು ಮಾತ್ರ ನನ್ನಿಂದ ಆಗುವುದಿಲ್ಲ.

ವಸಂತಿ ಈಗ ನನ್ನ ಕ್ಲಾಸಿನಲ್ಲೇ. ಅವಳಿಗೆ ಇದು ಸುತರಾಂ ಇಷ್ಟವಿಲ್ಲ. ಸ್ಕೂಲಿನಲ್ಲಿ ಅಮ್ಮ ಅನ್ನುವುದಿಲ್ಲ, ಟೀಚರ್ ಅನ್ನುತ್ತಾಳೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ.

೬ ಜುಲೈ, ಗುರುವಾರ

ಮೊದಲ ದಿನ. ಮೈಕೈಯೆಲ್ಲ ನೋವು, ಆದರೂ ಬರೆಯಬೇಕು.

ಪೆನ್ಸಿಲ್, ನೋಟ್‌ಬುಕ್ ಎಲ್ಲ ಕ್ಲಾಸಿನಲ್ಲೇ ಬಿಡಿಸಿದೆ. ಮಕ್ಕಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಪಕ್ಕದ ಝೂನಲ್ಲಿ ಸಿಂಹ ಗರ್ಜಿಸಿತು, ಅರ್ಧ ಕ್ಲಾಸು ಕಿಟಕಿಗೆ ಓಡಿತು. ಇದರ ಜತೆ ಯಾವ ರಾಜ ಪೈಪೋಟಿ ಮಾಡುತ್ತಾನೆ? ಗಂಟಲು ಹರಿಯುವಂತೆ ಕೂಗಿ ವಾಪಸು ತಂದೆ.

ಒಂದು ಭಾರೀ ಉರುಳಿ ಇದೆ. ನಮ್ಮ ಮನೆಯದು ಅದರೊಳಗೆ ಕಳೆದುಹೋಗುತ್ತದೆ. ದೇವಸ್ಥಾನದ ಊಟಕ್ಕೆ ಬಳಸುತ್ತಿದ್ದದ್ದು ಎಂದೆ. ಹರಿಣಾಕ್ಷಿ — ಕಾಸರಗೋಡಿನ ಕಡೆಯವಳು, ಅಪ್ಪ ಪೋಸ್ಟಾಫೀಸಿನಲ್ಲಿ, ಬಾಯಿ ಬಿಡುವವಳೇ ಅಲ್ಲ — ಮೆಲ್ಲಗೆ ಕೇಳಿದಳು.

“ಟೀಚರೇ, ಇದನ್ನ ತೊಳೀತಿದ್ದದ್ದು ಯಾರು?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನ್ನ ಮಣಿಕಟ್ಟು ನಗಲು ಬಿಡಲಿಲ್ಲ. “ಗೊತ್ತಿಲ್ಲ ಕಣೇ. ಎಲ್ಲರೂ ಯೋಚನೆ ಮಾಡಿ, ಬರೋ ವಾರ ಮಾತಾಡೋಣ” ಅಂದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಜಗಳ. ಒಳಗೆ ಇಳಿದು ತೊಳೆಯುತ್ತಿದ್ದರು ಅಂತ ಪ್ರೇಮ. ಹೊಳೆಗೆ ಹಾಕುತ್ತಿದ್ದರು ಅಂತ ಸುಮಿತ್ರ. ವಸಂತಿ ದೂರ ದೂರ ನಡೆಯುತ್ತಿದ್ದಳು, ಆದರೆ ಕಿವಿ ಇಲ್ಲೇ ಇತ್ತು. ಸಂತೋಷವಾಯಿತು. ಬಹಳ ದಿನದ ಮೇಲೆ.

೧೭ ಆಗಸ್ಟ್, ಗುರುವಾರ

ಇನ್‌ಸ್ಪೆಕ್ಷನ್ ಡೇಟ್ ಬಂದಿದೆ. ಸೆಪ್ಟೆಂಬರ್ ಹದಿನಾಲ್ಕು. ಇನ್‌ಸ್ಪೆಕ್ಟರು ಮ್ಯೂಸಿಯಂಗೇ ಬಂದು ಕೇಳುತ್ತಾರಂತೆ. ಪ್ರಿನ್ಸಿಪಾಲರು ಕರೆದು ಕೂರಿಸಿಕೊಂಡರು.

“ಮಕ್ಕಳು ಏನು ಹೇಳ್ತಾರೆ?”

“ಪ್ರಶ್ನೆ ಕೇಳ್ತಾರೆ ಸರ್.”

“ಪ್ರಶ್ನೆ ಕೇಳುದು ಇನ್‌ಸ್ಪೆಕ್ಟ್ರ ಕೆಲ್ಸ ಮಾರಾಯ್ರೆ! ಮಕ್ಕಳದ್ದು ಉತ್ತರ ಹೇಳುದು.”

ಹಳೇ ಉಪಾಯವೇ ಗತಿ. ಪ್ರತಿ ಹುಡುಗಿಗೂ ಒಂದೊಂದು ಜಾಗ ಹಂಚಿದೆ. ಬಾಗಿಲ ಹತ್ತಿರದ್ದು ಪ್ರೇಮ, ಅದರ ಪಕ್ಕ ಸುಮಿತ್ರ, ಕಂಬದ ಬಳಿ ಹರಿಣಾಕ್ಷಿ, ಉರುಳಿಗೆ ವಸಂತಿ. ಪ್ರತಿಯೊಬ್ಬರಿಗೂ ಇಂಗ್ಲಿಷಿನಲ್ಲಿ ನಾಲ್ಕು ಸಾಲು.

“ಟೀಚರೇ, ತೊಳೀತಿದ್ದದ್ದು...” ಹರಿಣಾಕ್ಷಿ ಮತ್ತೆ.

“ಅದು ಇನ್‌ಸ್ಪೆಕ್ಷನ್‌ಗೆ ಬರಲ್ಲ ಕಣೇ. ನಿನ್ನ ನಾಲ್ಕು ಸಾಲು ಹೇಳು.”

ಹೇಳಿದಳು. ತಪ್ಪಿಲ್ಲದೆ.

೭ ಸೆಪ್ಟೆಂಬರ್, ಗುರುವಾರ

ಓಣಂ ರಜೆ ಮುಗಿದದ್ದೇ ನನಗೆ ಜ್ವರ. ಎದ್ದು ಬಂದರೆ ಮಳೆ. ಮ್ಯೂಸಿಯಂಗೆ ಹೋಗಲಾಗಲಿಲ್ಲ. ಕ್ಲಾಸಿನಲ್ಲೇ ಬೆಂಚುಗಳನ್ನು ಗಾಜಿನ ಪೆಟ್ಟಿಗೆ ಅಂತ ಜೋಡಿಸಿ ರಿಹರ್ಸಲ್ ಮಾಡಿಸಿದೆ. ಬೋರ್ಡ್ ಓದಬೇಡಿ, ತಡವರಿಸಬೇಡಿ, ನಿಂತ ಜಾಗ ಬಿಡಬೇಡಿ. ಬೆಂಚಿನ ಮುಂದೆ ನಿಂತು ದಂತದ ಕೆತ್ತನೆ ವರ್ಣಿಸಿದರು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿ “ಫಸ್ಟ್ ಕ್ಲಾಸ್” ಅಂದರು. ಇದು ಒಂದು ಮುಗಿದರೆ ಸಾಕಪ್ಪಾ.

೧೪ ಸೆಪ್ಟೆಂಬರ್, ಗುರುವಾರ

ಮುಗಿಯಿತು.

ಮ್ಯೂಸಿಯಂ ಗೋಡೆಗೆ ನೀರು ಇಳಿದಿತ್ತಂತೆ. ಸುಣ್ಣ ಹೊಡೆಸಲು ಎಲ್ಲವನ್ನೂ ಸರಿಸಿದ್ದಾರೆ. ಬಾಗಿಲ ಹತ್ತಿರದ್ದು ಒಳಕ್ಕೆ, ಒಳಗಿನದ್ದು ಕಂಬದ ಬಳಿ. ನಾನು ಕಾಲಿಟ್ಟವಳೇ ಕಲ್ಲಾಗಿ ನಿಂತೆ. ಹಿಂದೆಯೇ ಇನ್‌ಸ್ಪೆಕ್ಟರು. ಅವರ ಹಿಂದೆ ಪ್ರಿನ್ಸಿಪಾಲರು. ಮಕ್ಕಳು ನನ್ನ ಮುಖ ನೋಡಿದರು. ಏನು ಹೇಳಲಿ ಅವರೆದುರಿಗೆ? ಮಕ್ಕಳು ಹೇಳಿಕೊಟ್ಟಂತೆಯೇ ಹೋಗಿ ತಂತಮ್ಮ ಜಾಗದಲ್ಲಿ ನಿಂತರು.

ಪ್ರೇಮ ದಂತದ ದೋಣಿಯ ಮುಂದೆ ನಿಂತು ಕಂಚಿನ ನಟರಾಜನನ್ನು ವರ್ಣಿಸಿದಳು. ಸುಮಿತ್ರ ಕತ್ತಿಗಳನ್ನು ತೋರಿಸಿ, ಇವು ಹೆಂಗಸರ ಒಡವೆಗಳು, ಸರ್ ಅಂದಳು. ಒಬ್ಬಳೂ ತಡವರಿಸಲಿಲ್ಲ. ತಪ್ಪೆಂದು ಎಲ್ಲರಿಗೂ ಗೊತ್ತು. ಸುಮಿತ್ರಳ ಕಣ್ಣಲ್ಲಿ ನೀರು. ಆದರೂ ನಾಲ್ಕು ಸಾಲು ಪೂರ್ತಿ ಒಪ್ಪಿಸಿದಳು.

ವಸಂತಿಯ ಜಾಗದಲ್ಲಿ ಏನೂ ಇರಲಿಲ್ಲ. ಒದ್ದೆ ಗೋಡೆ ಅಷ್ಟೇ.

“ದಿಸ್ ಈಸ್ ಎ ಲಾರ್ಜ್ ಬೆಲ್‌ಮೆಟಲ್ ವೆಸೆಲ್, ಸರ್.”

“ವೇರ್?” ಇನ್‌ಸ್ಪೆಕ್ಟರು ಕೇಳಿದರು.

“ಇಟ್ ವಾಸ್ ಹಿಯರ್, ಸರ್.”

ಅವರು ಜೋರಾಗಿ ನಕ್ಕರು. “ವೆರಿ ವೆಲ್ ಡ್ರಿಲ್ಡ್” ಎಂದು ಪ್ರಿನ್ಸಿಪಾಲರ ಭುಜ ತಟ್ಟಿ, ಝೂ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ವಿಚಾರಿಸಿದರು.

ನಾಚಿಕೆಯಿಂದ ಸತ್ತುಹೋದೆ.

ಅದೇ ದಿನ, ಸಂಜೆ

ವಸಂತಿ ಊಟಕ್ಕೆ ಬರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಗೋಡೆಯ ಕಡೆ ತಿರುಗಿದಳು. “ನೀನೇ ಅಲ್ವಾ ಜಾಗ ಬಿಡಬೇಡ ಅಂದಿದ್ದು?” ಕನ್ನಡದಲ್ಲಿ ಅಂದಳು. ಎಷ್ಟೋ ದಿನದ ಮೇಲೆ ಕನ್ನಡ. ಅದೂ ಇದಕ್ಕೆ.

೨೧ ಸೆಪ್ಟೆಂಬರ್, ಗುರುವಾರ

ಮ್ಯೂಸಿಯಂ ಪೀರಿಯಡ್ ನಿಂತಿತು. ನೋಟೀಸ್ ಬೋರ್ಡಿಗೆ ಹಾಕಿದ್ದಾರೆ. ಪ್ರಿನ್ಸಿಪಾಲರು ಬೈಯಲೂ ಇಲ್ಲ. “ಹೋಗ್ಲಿ ಬಿಡಿ ಟೀಚರ್. ನಿಮ್ಗೂ ಸುಸ್ತಲ್ವಾ.”

ಹೌದು, ಸುಸ್ತು. ನಿಜ ಹೇಳಬೇಕೆಂದರೆ ಒಂದು ಗಳಿಗೆ ಹಾಯೆನಿಸಿತು. ಮಕ್ಕಳನ್ನು ರಸ್ತೆ ದಾಟಿಸುವುದು ಬೇಡ, ಸಿಂಹದ ಜತೆ ಕೂಗಾಡುವುದು ಬೇಡ. ಕುರ್ಚಿಯಲ್ಲಿ ಕೂತು ಡಿಕ್ಟೇಟ್ ಮಾಡಿದರಾಯಿತು. ಆಮೇಲೆ ಸ್ಟಾಫ್‌ರೂಮಿನಲ್ಲಿ ಚಹಾ ಹಾಗೇ ಬಿಟ್ಟು ಎದ್ದೆ.

೯ ನವೆಂಬರ್, ಗುರುವಾರ

ಗುಪ್ತರ ಕಾಲ. ಸುವರ್ಣಯುಗ, ಅಂಡರ್‌ಲೈನ್. ತಲೆ ಎತ್ತಿ ನೋಡುತ್ತೇನೆ, ಕೊನೇ ಬೆಂಚು ಖಾಲಿ. ಸುಮಿತ್ರ ಇಲ್ಲ, ಹರಿಣಾಕ್ಷಿ ಇಲ್ಲ, ವಸಂತಿ ಇಲ್ಲ.

“ಎಲ್ಲಿ ಇವರೆಲ್ಲ?”

ಪ್ರೇಮ ಎದ್ದು ನಿಂತಳು. “ಟೀಚರೇ, ಇವತ್ತು ಗುರುವಾರ ಅಲ್ವಾ.”

ಮೊದಲು ಅರ್ಥವಾಗಲಿಲ್ಲ. ಆಮೇಲೆ ಪುಸ್ತಕ ಪ್ರೇಮಳ ಕೈಗೆ ಕೊಟ್ಟೆ, ಕ್ಲಾಸು ನೋಡಿಕೋ ಎಂದು ಹೇಳಿ ಹೊರಟೆ. ರಸ್ತೆ ದಾಟಿದೆ. ಸಿಟ್ಟು ಅಂದರೆ ಸಿಟ್ಟು, ಸಿಕ್ಕರೆ ನಾಲ್ಕು ಬಾರಿಸಬೇಕು ಅಂತಲೇ ಹೋದದ್ದು. ಬಿಸಿಲಿಗೆ ಕಣ್ಣು ಕತ್ತಲೆ ಬಂತು.

ಉರುಳಿ ಹಳೇ ಜಾಗಕ್ಕೆ ಬಂದಿದೆ. ಮೂವರೂ ಅದರ ಮುಂದೆ ನೆಲದ ಮೇಲೆ ಕೂತಿದ್ದಾರೆ, ಚಪ್ಪಲಿ ಪಕ್ಕದಲ್ಲಿ ಬಿಟ್ಟು. ಬೆನ್ನು ನನ್ನ ಕಡೆ. ಜೋರು ವಾದ. ಹೊಳೆಗೆ ಹೊತ್ತುಕೊಂಡು ಹೋಗಲು ಆಗುವುದೇ ಇಲ್ಲ ಅಂತ ಹರಿಣಾಕ್ಷಿ. ಆನೆ ಇತ್ತಲ್ಲ ಅಂತ ಸುಮಿತ್ರ.

“ಆನೆ ತೊಳೀತದಾ? ನಮ್ಮಮ್ಮ ಪುಟ್ಟ ಉರುಳಿ ತೊಳೆದೇ ಒಂದು ವಾರ ಕೈ ನೋವು ಅಂತಾಳೆ. ಇದನ್ನ ತೊಳೆದವರಿಗೆ ಊಟ ಆದ್ರೂ ಹಾಕ್ತಿದ್ರೋ ಇಲ್ವೋ.” ವಸಂತಿ. ಹರಿಣಾಕ್ಷಿಯ ಹತ್ತಿರ, ಅಚ್ಚ ಕನ್ನಡದಲ್ಲಿ. ಸುಮಿತ್ರಳಿಗೆ ಅದನ್ನೇ ಮಲಯಾಳದಲ್ಲಿ ತಿರುಗಿ ಹೇಳಿದಳು.

ಕರೆಯದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೆ. ಅತ್ತದ್ದು ಯಾರಿಗೂ ಕಾಣಲಿಲ್ಲ ಅಂದುಕೊಂಡಿದ್ದೇನೆ.

ಮೂವರನ್ನೂ ಮುಂದೆ ಬಿಟ್ಟು ವಾಪಸು ಬಂದಾಗ ಬೆಲ್ ಹೊಡೆದಿತ್ತು. ಪ್ರಿನ್ಸಿಪಾಲರು ನಮ್ಮ ಕ್ಲಾಸಿನ ಬಾಗಿಲಲ್ಲೇ ನಿಂತಿದ್ದರು. ಒಳಗೆ ಪ್ರೇಮ ಡಿಕ್ಟೇಟ್ ಮಾಡುತ್ತಿದ್ದಳು, ಥೇಟ್ ನನ್ನ ಧಾಟಿಯಲ್ಲಿ.

“ಯಾರ್ಯಾರು ತಪ್ಪಿಸ್ಕೊಂಡು ಹೋದದ್ದು ಅಂತ ನಾಳೆ ಬೆಳಿಗ್ಗೆ ಹೆಸ್ರು ಬರ್ದು ಕೊಡಿ. ಅಸೆಂಬ್ಲಿಯಲ್ಲಿ ನಿಲ್ಲಿಸ್ತೇನೆ. ಕೊಡದಿದ್ರೆ ನೀವೇ ಕಳ್ಸಿದ್ದು ಅಂತ ಮೇಲಿನವ್ರಿಗೆ ಬರೀಬೇಕಾಗ್ತದೆ. ನಂಗೆ ಬೇರೆ ದಾರಿ ಇಲ್ಲ ಟೀಚರ್.”

ಕೆಟ್ಟವರಲ್ಲ. ಅವರ ಮುಖದಲ್ಲೂ ಸುಸ್ತು ಕಂಡಿತು.

೧೦ ನವೆಂಬರ್, ಶುಕ್ರವಾರ, ಬೆಳಿಗ್ಗೆ

ಇವರಿಗೆ ಎಲ್ಲ ಹೇಳಿದೆ. ರಾಜ ಸತ್ತ ಜೋಕು ಮಾಡಲಿಲ್ಲ. “ಕೆಲಸಕ್ಕೇ ಕುತ್ತು ಬಂದ್ರೆ ಏನು ಮಾಡ್ತೀಯ?” ಅಂದರು. ಆಮೇಲೆ ಅವರೇ ಎದ್ದು ಹೋಗಿ ಉರುಳಿ ಉಜ್ಜಲು ಕೂತರು. ಈಗಲೂ ಹಿತ್ತಿಲಲ್ಲಿ ಕರಕರ ಸದ್ದು.

ಕಾಗದ ತೆಗೆದೆ. ನಿನ್ನೆ ಮೂರನೇ ಪೀರಿಯಡ್ಡಿನಲ್ಲಿ ಆರನೇ ಕ್ಲಾಸಿನಿಂದ ಹೊರಗೆ ಹೋದವರು ಎಂದು ಬರೆದು ಕೆಳಗೆ ಗೆರೆ ಎಳೆದೆ.

ರಾಜಲಕ್ಷ್ಮಿ, ಹಿಸ್ಟರಿ ಟೀಚರ್.

ಸುಳ್ಳೇನಲ್ಲ. ಹೋಗಿದ್ದೆನಲ್ಲ.

ವಸಂತಿ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. “ಅಮ್ಮಾ, ನನ್ನ ಹೆಸರೂ ಬರೆದ್ಯಾ?” ಇಲ್ಲ ಅಂದೆ. ಬಂದು ಭುಜದ ಮೇಲಿಂದ ಬಗ್ಗಿ ಓದಿದಳು. ಓದಿದ ಮೇಲೂ ಹೋಗಲಿಲ್ಲ. ಅವಳ ಉಸಿರು ಕಿವಿಗೆ ತಾಗುತ್ತಿದೆ.

ಇನ್ನೊಂದು ಸಾಲು ಬರೆಯುವುದಿದೆ. ಬರುವ ಗುರುವಾರ ಮೂರನೇ ಪೀರಿಯಡ್ಡಿಗೂ ನಾನು —