ಮನಿಲಾಕ್ಕೆ ಹೊರಟ ಬಿಸಿ ಕೊಳವೆ

೧೯೪೩ ನವೆಂಬರ್ ೯, ಮಂಗಳವಾರ

ಆ ಕೊಳವೆ ತಲೆಯಿಂದ ಹೋಗುತ್ತಿಲ್ಲ.

ಶತ್ರುವಿನ ಜಲಾಂತರ್ಗಾಮಿಗಳನ್ನು ಬೇಟೆಯಾಡಿ ಸರಕಿನ ಹಡಗುಗಳನ್ನು ಕಾಯುವ ನಮ್ಮ ನೌಕಾಪಡೆಯ ಪುಟ್ಟ ಹಡಗುಗಳು ಬೇಗ ಸಿದ್ಧವಾಗಲಿ ಎಂದು ನಾವು ವಿನ್ಯಾಸಕರು ಒಡಲಿನ ಬಾಗುಗಳನ್ನೆಲ್ಲ ನೇರ ಗೆರೆ ಮಾಡಿದ್ದೇವೆ. ಅಷ್ಟಕ್ಕೇ ಬೀಗುತ್ತಿದ್ದೆವು. ಇವತ್ತು ನಕ್ಷೆಯಲ್ಲಿ ಕಣ್ಣಿಗೆ ಬಿತ್ತು: ನಾವಿಕರು ಮಲಗುವ ಕಡೆ, ಗೋಡೆಯುದ್ದಕ್ಕೂ ಬಿಸಿ ಹಬೆಯ ಕೊಳವೆ. ನಾವು ತಿದ್ದಲು ಎತ್ತಿಕೊಂಡ ಹಳೆಯ ನಕ್ಷೆ ಉತ್ತರದ ಹೊಕ್ಕೈಡೊ ಆಚೆಯ ಹಿಮದ ಕಡಲಿಗೆಂದು ಬರೆದದ್ದು. ಈ ಹಡಗುಗಳು ಹೋಗುವುದು ಸುಡುಬಿಸಿಲಿನ ಮನಿಲಾ ಕಡೆಗೆ!

ಹಿರಿಯ ವಿನ್ಯಾಸಕ ಸುಗಿಮೊರಿಯವರಿಗೆ ತೋರಿಸಿದೆ. "ತೆಗೆದುಬಿಡೋಣ ಯಜಮಾನ್ರೇ. ಆ ಜಾಗದಲ್ಲಿ ಇನ್ನೊಂದಿಷ್ಟು ಬಾಂಬು ಹಿಡಿಸುತ್ತೆ."

"ಮೇಲಿನವರೆಲ್ಲ ಮುದ್ರೆ ಒತ್ತಿರೋ ನಕ್ಷೆ ಕಣಯ್ಯಾ. ತಿದ್ದಿದ್ರೆ ಮೊದಲಿಂದ ಎಲ್ಲರ ಮುದ್ರೆ ಬೇಕು. ಅಷ್ಟರಲ್ಲಿ ಎಷ್ಟು ಸರಕಿನ ಹಡಗು ಮುಳುಗುತ್ವೋ! ಒತ್ತು, ಒತ್ತು."

ನನ್ನ ಮುದ್ರೆಯನ್ನೂ ಒತ್ತಿದೆ.

ಸಂಜೆ ನಾವಿಕನಾಗಿರುವ ನನ್ನ ತಮ್ಮ ಶಿಂಪೇ ಊಟಕ್ಕೆ ಬಂದಿದ್ದ. ಅದೇ ಹಳೆಯ ನಕ್ಷೆಯಿಂದ ಕಟ್ಟಿದ ಇಂಥದ್ದೇ ಹಡಗಿನಲ್ಲಿ ನಾಳೆ ದಕ್ಷಿಣಕ್ಕೆ ಹೊರಡುತ್ತಾನೆ. ತಡೆಯಲಾಗದೆ ಕೊಳವೆಯ ವಿಷಯ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡೆ. ಅವನು ಸಿಹಿಗೆಣಸಿನ ಗಂಜಿ ಕೆಳಗಿಟ್ಟು ನಕ್ಕ.

"ನಿಮ್ಮ ಬುದ್ಧಿಗಿಷ್ಟು! ಹೋಗಲಿ ಬಿಡಣ್ಣ. ವಾಪಸ್ ಬರೋ ಹೊತ್ತಿಗೆ ಇಲ್ಲಿ ಹಿಮ ಬಿದ್ದಿರುತ್ತೆ. ಕೊನೇ ದಿನ ಆ ಕೊಳವೆ ಪಕ್ಕ ಬೆಚ್ಚಗೆ ಮಲ್ಕೊಂಡು ಬರ್ತೀನಿ."

ನನ್ನ ಹೆಂಡತಿಯೂ ನಕ್ಕಳು. ನನ್ನಿಂದಾಗಲಿಲ್ಲ. ಅವನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ನಾನು ಎದ್ದು ಕೂರುತ್ತೇನೆ, ಮತ್ತೆ ಮಲಗುತ್ತೇನೆ.

ಬೆಳಿಗ್ಗೆ ಕಿತ್ತು ಹಾಕಿಸಬೇಕೆಂದು ಒದ್ದಾಡಿದ ಅದೇ ಕೊಳವೆ, ಒಂದೇ ಒಂದು ಸಲ ಬಿಸಿಯಾಗಲಿ ಎಂದು ಈಗ ಬೇಡಿಕೊಳ್ಳುತ್ತಿದ್ದೇನೆ.