ಹೊಗೆ ಹಾಕದ ಏಳು ಮಧ್ಯಾಹ್ನ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.20

ಇವತ್ತೂ ಯಾರೂ ಮೇಲೆ ಬರಲಿಲ್ಲ. ಹನ್ನೆರಡರಿಂದ ಒಂದರವರೆಗೆ ಬತ್ತಿದ ಬೋರ್‌ವೆಲ್ ಸುತ್ತ ಒಣಮೆಣಸಿನಕಾಯಿ ಹೊಗೆ ಹಾಕಿ ಕೂತೆವು. ರಕ್ಕಸರು ಹತ್ತುವುದು ಆ ಒಂದು ಗಂಟೆಯಲ್ಲೇ. ಹೊಗೆ ಇದ್ದರೆ ತಲೆ ಎತ್ತುವುದಿಲ್ಲ. ನಾನು, ತಮ್ಮ ಸುನೀಲ್, ಬಯ್ಯಪ್ಪ ಮಾಮ — ದಿಬ್ಬೂರಹಳ್ಳಿ ವಾಲಂಟಿಯರ್ ಪಡೆ ಅಂದರೆ ಇಷ್ಟೇ. ಪೆರೇಸಂದ್ರದ ಪಡೆಗೆ ಜೀಪು ಬಂತಂತೆ. ನಮಗೆ ಬಂದದ್ದು ಮೂರು ಟೋಪಿ! ಮಾಸ್ಕ್ ಕೇಳಿ ನಾಲ್ಕು ತಿಂಗಳಾಯಿತು. ಕೆಮ್ಮಿ ಕೆಮ್ಮಿ ಸಾಕಾಗಿದೆ. ಲೀಡರ್ ಅಂತೆ ನಾನು. ಏನು ಲೀಡರೋ.

ಮಾರ್ಚ್ 4, ಮಂಗಳವಾರ

ಸಂಜೆ ನರಸಿಂಹಪ್ಪನವರು ಕರೆಸಿದರು. ಬೋರ್‌ವೆಲ್‌ನಿಂದ ಮೂವತ್ತು ಹೆಜ್ಜೆಗೆ ಅವರ ರೇಷ್ಮೆ ಹುಳುಮನೆ. ನಮ್ಮ ಕಾಲೊನಿಯವರಿಗೆ ಯಾವಾಗಲೂ ಗೇಟಿನ ಹೊರಗೇ ಮಾತು, ಪೇಪರ್ ಕಪ್ಪು. ಇವತ್ತು ಜಗಲಿ ಮೇಲೆ ಕುರ್ಚಿ. ಮನೆಯ ಸ್ಟೀಲ್ ಲೋಟದಲ್ಲಿ ಕಾಫಿ!

"ಹುಳ ನಾಲ್ಕನೇ ಜ್ವರ ಎದ್ದವೆ, ಕೊನೇ ಪೊರೆ ಬಿಟ್ಟವೆ ಕಣಮ್ಮ ತನುಜ. ಇನ್ನೇಳೆಂಟು ದಿನ ಸೊಪ್ಪು ತಿಂದು ಹಣ್ಣಾಗ್ತವೆ, ಆಮೇಲೆ ಗೂಡು ಕಟ್ತವೆ. ಈಗ ಹೊಗೆ ತಗುಲಿದ್ರೆ ಒಂದೂ ಉಳಿಯಲ್ಲ. ನೀನು ಓದ್ದೋಳು, ನಿಂಗೆ ಹೇಳ್ಬೇಕಾ?"

ಆಗಲಿ ಅಂದುಬಿಟ್ಟೆ. ಕಾಫಿ ಮುಗಿಯುವ ಮೊದಲೇ.

ಸುನೀಲ್ ಉರಿದುಬಿದ್ದ. "ರಕ್ಕಸರಿಗೂ ಹೇಳಕ್ಕ, ಹುಳ ಹಣ್ಣಾಗೋವರ್ಗೂ ಬರ್ಬೇಡಿ ಅಂತ!" ಮಾಮ ಮಾತ್ರ, "ಪೋನೀಲೇಮ್ಮಾ, ಹೋಗ್ಲಿ ಬಿಡು, ಅವ್ರೂ ನಮ್ಮೂರೋರೇ ಅಲ್ವಾ" ಅಂದರು.

ಹುಳ ಹಣ್ಣಾಗುವವರೆಗೂ ಯಾರೂ ಕಡ್ಡಿ ಗೀರಬಾರದು ಅಂತ ಆರ್ಡರ್ ಮಾಡಿದೆ. ನನ್ನ ಮೊದಲ ಆರ್ಡರ್.

ಮಾರ್ಚ್ 6, ಗುರುವಾರ

ಬೋರ್‌ವೆಲ್ ಒಳಗೆ ಗರಗರ ಸದ್ದು. ಬಿದಿರು ಗಳ ಹಿಡಿದು ನಿಂತರೆ ನಗು ಬರುತ್ತದೆ, ಅಳುವೂ. ಹೊಗೆಯ ಬದಲು ಬೇರೇನಾದರೂ ಕೊಡಿ ಅಂತ ಚಿಕ್ಕಬಳ್ಳಾಪುರದ ನಮ್ಮ ಪಡೆಯ ಆಫೀಸಿಗೆ ಫೋನ್ ಮಾಡಿದೆ.

"ಲೆಟರ್ ತಗೊಂಡು ನಾಳೆ ಬನ್ನಿ ಮೇಡಂ."

ನಾಳೆ ಅಲ್ಲಿಗೆ ಹೋದರೆ ಇಲ್ಲಿ ಇಬ್ಬರೇ. ಹಾಳಾದ್ದು, ಹೋಗಲೇಬೇಕು.

ಮಾರ್ಚ್ 7, ಶುಕ್ರವಾರ. 12.40

ಆಫೀಸಿನ ಬೆಂಚು. ಬೆಳಗ್ಗೆ ಹತ್ತರಿಂದ. ಸಾಹೇಬರು ಊಟಕ್ಕೆ ಹೋಗಿದ್ದಾರೆ. ಲೆಟರಿಗೆ ಸೀಲು ಇಲ್ಲವಂತೆ. ಮೂರು ಜನರ ಪಡೆಗೆ ಸೀಲು ಎಲ್ಲಿಂದ... ಮಾಮ ಫೋನ್ ಮಾಡುತ್ತಿದ್ದಾರೆ

ಮಾರ್ಚ್ 11, ಮಂಗಳವಾರ. ಆಸ್ಪತ್ರೆ

ನಾಲ್ಕು ದಿನದಿಂದ ನಾನು ಇಲ್ಲಿ, ಬೋರ್‌ವೆಲ್ ಹತ್ತಿರ ಗಳ ಹಿಡಿದು ಮಾಮ ಒಬ್ಬರೇ. ಸುನೀಲ್‌ಗೆ ಬಲಗೈ ಇಲ್ಲ. ಮಣಿಕಟ್ಟಿನಿಂದ ಕೆಳಗೆ. ಬೈಕ್ ಮೆಕ್ಯಾನಿಕ್ ಅವನು.

ಶುಕ್ರವಾರ ರಕ್ಕಸ ಸೊಂಟದವರೆಗೂ ಮೇಲೆ ಬಂದಿದ್ದನಂತೆ. ಹಚ್ಚೋ, ಹಚ್ಚೋ ಅಂತ ಮಾಮ ಕೂಗಿದರಂತೆ. ಬೆಂಕಿಪೊಟ್ಟಣ ಸುನೀಲನ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಒಂದು ಗಂಟೆಯಾಗಿ ರಕ್ಕಸ ತಾನೇ ಇಳಿಯುವವರೆಗೂ ಗಳದಲ್ಲೇ ಒತ್ತಿ ಹಿಡಿದಿದ್ದಾನೆ. ಇಳಿಯುವಾಗ ಕೈ ಕಚ್ಚಿಕೊಂಡೇ ಹೋಗಿದ್ದಾನೆ ರಕ್ಕಸ.

"ಯಾಕೋ ಹಚ್ಚಲಿಲ್ಲ?"

"ನೀನೇ ಅಲ್ವೇನಕ್ಕ ಮಾತು ಕೊಟ್ಟಿದ್ದು. ಕಾಲೊನಿಯೋರ ಮಾತು ಇಷ್ಟೇ ಅಂತ ಅವ್ರು ಅನ್ಬಾರ್ದಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ಕುರ್ಚಿಗೆ, ಒಂದು ಲೋಟಕ್ಕೆ ಕರಗಿಹೋದೆನಲ್ಲ, ಥೂ! ನರಸಿಂಹಪ್ಪನವರು ಫ್ಲಾಸ್ಕಿನಲ್ಲಿ ಕಾಫಿ ಕಳಿಸಿದ್ದರು. ಸಿಂಕಿಗೆ ಸುರಿದೆ.

ಮಾರ್ಚ್ 12, ಬುಧವಾರ. 11.45

ಬೋರ್‌ವೆಲ್ ಪಕ್ಕ. ಮೆಣಸಿನಕಾಯಿ ರಾಶಿ ಹಾಕಿದ್ದೇನೆ. ನರಸಿಂಹಪ್ಪನವರು ಓಡಿ ಬಂದರು. ಹುಳ ಹಣ್ಣಾಗಿವೆ, ನಾನು ಕೊಟ್ಟ ಮಾತಿನ ಗಡುವು ಮುಗಿದಿದೆ. ಬೆಳಗ್ಗೆ ತಾನೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಟ್ಟಿದ್ದಾರೆ.

"ಇನ್ ಮೂರೇ ದಿನ ಕಣಮ್ಮ. ಸುನೀಲನ್ನ ನಾನು ನೋಡ್ಕೊಂತೀನಿ. ಬಾ, ಕಾಫಿ ಕುಡ್ಕೊಂಡು ಮಾತಾಡಣ."

"ಚಂದ್ರಿಕೆ ಎತ್ಕೊಂಡು ಸ್ಕೂಲಿಗೆ ಸಾಗಿಸಣ ಬನ್ನಿ. ನಾನೂ ಮಾಮನೂ ಹಿಡೀತೀವಿ. ಹತ್ತು ನಿಮಿಷದ ಕೆಲಸ."

"ನೀವು ಚಂದ್ರಿಕೆ ಮುಟ್ಟೋದು..." ಅಂದು ಅಲ್ಲಿಗೇ ನಿಲ್ಲಿಸಿದರು. ನೆಲ ನೋಡಿದರು. ಹೊರಟುಹೋದರು.

ಓಹೋ. ಲೋಟ ಕೊಟ್ಟಿದ್ದು ಅಷ್ಟಕ್ಕೇ.

11.58

ಜಗಲಿ ಇಲ್ಲಿಂದಲೇ ಕಾಣುತ್ತದೆ. ಕುರ್ಚಿ ಹಾಕಿದ್ದಾರೆ. ಪಾಪ, ಹುಳುಗಳದ್ದೇನೂ ತಪ್ಪಿಲ್ಲ. ನೆಲ ಅದುರುತ್ತಿದೆ. ಮಾಮ ಗಳ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದು