ಇದು ಬಸ್ಸೋ, ತೊಟ್ಟಿಲೋ

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಅಲ್ಲಿ ಮೆಟ್ಟಿಲು ಜಾಸ್ತಿ ಅಂದಿದ್ದಿರಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ದೊಡ್ಡತ್ತೆಯ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ಬಿದ್ದವರು ನಿಮ್ಮ ಅಕ್ಕ, ಆದರೂ ನನಗೆ ಚಿಂತೆ ನಿಮ್ಮದೇ. ಅವರಿಗೆ ಮಲಗಿರಿ ಎಂದು ಗದರಿಸಲು ಡಾಕ್ಟರಿದ್ದಾರೆ, ನಿಮಗೆ ಹೇಳುವವರು ಯಾರೂ ಇಲ್ಲ. ಫೋನಿರುವಾಗ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನೀವು “ಹೆಂಗಿದ್ದೀಯೇ?” ಅಂದ ಕೂಡಲೇ ನನಗೆ ಅಳು ಬರುತ್ತದೆ. ನಾನು ಮೂಗು ಸೇದುವುದು ನಿಮಗೆ ಕೇಳಿಸುತ್ತದೆ, ನೀವೂ ಅಲ್ಲಿ ಶುರು ಮಾಡುತ್ತೀರಿ, ದೊಡ್ಡತ್ತೆ ಮಂಚದ ಮೇಲಿಂದಲೇ “ಯಾರು ಹೋದ್ರೇ?” ಎಂದು ಕೂಗುತ್ತಾರೆ. ಕಾಗದವಾದರೆ ಅತ್ತರೂ ಒರೆಸಿಕೊಂಡು ಮುಂದಿನ ಸಾಲು ಬರೆಯಬಹುದು.

ಮೊದಲು ನಿಮ್ಮ ಮೊಮ್ಮಗಳ ಸಮಾಚಾರ. ಚೆನ್ನಾಗಿದ್ದಾಳೆ, ಕೆನ್ನೆ ತುಂಬಿಕೊಂಡಿದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮಾವ ಅವಳಿಗೆ ಕಂಡಕ್ಟರಮ್ಮ ಎಂದು ಹೆಸರಿಟ್ಟಿದ್ದಾರೆ. ಈಗ ನಾನು ಓಡಿಸುವಂಥ ಬಸ್ಸುಗಳಲ್ಲಿ ಕಂಡಕ್ಟರೇ ಇಲ್ಲ, ಬಾಗಿಲ ಪಕ್ಕ ಒಂದು ಟಿಕೆಟ್ ಮೆಷಿನ್ನು ಅಷ್ಟೇ. ಅವರ ಕಾಲದಲ್ಲಿ ಕಂಡಕ್ಟರ್ ಒಂದು ಕೂಗು ಹಾಕಿದರೆ ಎಂಥ ಬಸ್ಸೂ ನಿಲ್ಲುತ್ತಿತ್ತಂತೆ, ಇವಳು ಕೂಗಿದರೆ ಇಡೀ ಮನೆ ನಿಲ್ಲುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಅವಳು ಬಾಯಿ ತೆರೆದರೆ ನನ್ನ ಕೈಯ ಸೌಟು ನಿಲ್ಲುತ್ತದೆ, ಮಾವನ ಪೇಪರ್ ಓದು ನಿಲ್ಲುತ್ತದೆ, ಬೇಕರಿಯ ರಾತ್ರಿ ಪಾಳಿ ಮುಗಿಸಿ ಹುಬ್ಬಿಗೆ ಮೆತ್ತಿದ ಮೈದಾಹಿಟ್ಟನ್ನೂ ತೊಳೆಯದೆ ಮಲಗಿರುವ ನಿಮ್ಮ ಮಗನ ಗೊರಕೆ ಸಹ ನಿಲ್ಲುತ್ತದೆ. ಏನಾಯಿತು ಎಂದು ಮೂವರೂ ಓಡಿ ಬಂದು ನೋಡಿದರೆ ಏನೂ ಆಗಿರುವುದಿಲ್ಲ, ಮಹಾರಾಣಿಗೆ ಬರೀ ಬೇಜಾರು.

ಇನ್ನು ನಿಮ್ಮ ಯಜಮಾನರು. ಹೆತ್ತ ಮಕ್ಕಳನ್ನು ಒಂದು ದಿನವೂ ಎತ್ತಿಕೊಳ್ಳದ ಮನುಷ್ಯ ಎಂದು ನೀವು ದೂರುತ್ತಿದ್ದಿರಲ್ಲ, ಈಗ ಬಂದು ನೋಡಿ. ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು ಸುಮ್ಮನೆ ಬಿಟ್ಟಾರೆಯೇ? ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವಾಗಲೂ “ಒಂದ್, ಎರಡ್, ಒಂದ್, ಎರಡ್”. ಅವಳಿಗೆ ತೇಗು ಬಂದರೆ “ವಿಶ್ರಾಮ್!” ಮೊನ್ನೆ ಡಯಾಪರ್ ಹಿಂದುಮುಂದಾಗಿ ಹಾಕಿದ್ದರು. ಹೇಳಿದರೆ ಒಪ್ಪಬೇಕಲ್ಲ? “ಎರಡು ಕಡೆನೂ ಒಂದೇ ಥರ ಮಾಡಿ ಇಟ್ಟಿದಾನೆ ಪುಣ್ಯಾತ್ಮ, ನಂದೇನು ತಪ್ಪು?” ಎಂದು ನನ್ನ ಮೇಲೇ ಬಂದರು. ಪಾಪ, ದೊಡ್ಡತ್ತೆಯ ಆರೈಕೆಗೆಂದು ನೀವು ಗಡಿಬಿಡಿಯಲ್ಲಿ ಹೊರಟ ದಿನದಿಂದ ಅವರು ಮಧ್ಯಾಹ್ನ ಕಣ್ಣು ಮುಚ್ಚಿಲ್ಲ. ಈಗ ಮಾತ್ರ ಇಬ್ಬರೂ ಮಲಗಿದ್ದಾರೆ, ಅವರು ಸೋಫಾದ ಮೇಲೆ, ಅವಳು ಅವರ ಎದೆಯ ಮೇಲೆ. ನನಗೂ ಮಲಗು ಎಂದಿದ್ದಾರೆ, ಆದರೆ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನುವ ಹಾಗಾಗಿದೆ. ಇಷ್ಟು ಬರೆಯುವಷ್ಟರಲ್ಲಿ ಒಣಗಿದ ಬಟ್ಟೆ ಮಡಚಿ ಬಂದೆ, ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ ಬಂದೆ.

ನನ್ನ ಸಮಾಚಾರ ಅಂದರೆ ಅತ್ತೆ, ಬಾಲ ಸುಟ್ಟ ಬೆಕ್ಕಿನ ಥರ ಇದ್ದೇನೆ. ಮನೆಯಲ್ಲಿದ್ದರೆ ಡಿಪೋದ ಯೋಚನೆ, ಡಿಪೋದಲ್ಲಿದ್ದರೆ ಮನೆಯದು. ಹೆರಿಗೆ ರಜೆಗೆ ಮುಂಚೆ ನಾನು ಈ ರೂಟಿನಲ್ಲಿ ಹೇಗೆ ಓಡಿಸುತ್ತಿದ್ದೆ ಎಂದು ನೀವೇ ಕೂತು ನೋಡಿದ್ದೀರಿ. ಇಳಿಯುವಾಗ ಪಕ್ಕದ ಸೀಟಿನವರಿಗೆ “ನನ್ನ ಸೊಸೆ” ಎಂದು ಹೇಳಿಕೊಂಡಿದ್ದೂ ನನಗೆ ಕೇಳಿಸಿತ್ತು. ಈಗಲೂ ಕೈ ಅದೇ, ಬಸ್ಸು ಅದೇ, ರಸ್ತೆ ಅದೇ. ಆದರೆ ದೂರದಲ್ಲಿ ಒಂದು ಹಂಪ್ ಕಂಡರೆ ಸಾಕು, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಮಗುವಿನ ಕುತ್ತಿಗೆ ಕುಲುಕುತ್ತದೆ ಅನಿಸುತ್ತದೆ. ಯಾವ ಮಗು? ಬಸ್ಸಿನಲ್ಲಿ ಇರುವವರೆಲ್ಲ ಆಫೀಸಿನವರು, ಕಾಲೇಜಿನ ಹುಡುಗರು, ತರಕಾರಿ ಚೀಲದವರು. ಆದರೂ ನನ್ನ ಪಾಲಿಗೆ ಪ್ರತಿ ಸೀಟಿನಲ್ಲೂ ಅವಳೇ. ಹಾರ್ನ್ ಹೊಡೆಯಲೂ ಮನಸ್ಸಾಗುವುದಿಲ್ಲ, ಯಾರೋ ಎದ್ದುಬಿಡುತ್ತಾರೆ ಅನ್ನಿಸಿ. ಇಳಿಯುವಾಗ ಒಬ್ಬ ಮುದುಕಪ್ಪ ಹೇಳಿಯೇಬಿಟ್ಟರು, “ತಾಯೀ, ನಡ್ಕೊಂಡ್ ಹೋಗಿದ್ರೆ ಇಷ್ಟೊತ್ತಿಗೆ ಉಂಡು ಕೈ ತೊಳ್ಕೊಂಡಿರ್ತಿದ್ದೆ.” ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಆಮೇಲೆ ಮುಂದಿನ ಸಿಗ್ನಲ್ಲಿನಲ್ಲಿ ಅತ್ತುಬಿಟ್ಟೆ.

ಡಿಪೋದ ಕಂಟ್ರೋಲರ್ ಕೆಟ್ಟವರಲ್ಲ, ಮೂಗಿನ ತುದಿಯಲ್ಲಿ ಕೋಪ ಅಷ್ಟೇ. ಟ್ರಿಪ್ಪು ತಡ, ಟ್ರಿಪ್ಪು ತಡ ಎಂದು ದಿನಾ ಕರೆದು ಹೇಳಿ ಹೇಳಿ ಒಂದು ದಿನ ಎಲ್ಲರೆದುರೇ “ಇದು ಬಸ್ಸೋ, ತೊಟ್ಟಿಲೋ?” ಎಂದುಬಿಟ್ಟರು. ಈಗ ಡಿಪೋಗೆ ಡಿಪೋವೇ ನನ್ನ ಬಸ್ಸನ್ನು ತೊಟ್ಟಿಲು ಅನ್ನುತ್ತದೆ. ತೊಟ್ಟಿಲಿಗೆ ಡೀಸೆಲ್ ಹಾಕಿದ್ರಾ, ತೊಟ್ಟಿಲು ತೊಳೆದ್ರಾ. ಕೊನೆಗೆ ಕಂಟ್ರೋಲರ್ ನನ್ನನ್ನು ಅಲ್ಲಿನ ನರ್ಸಮ್ಮನ ಹತ್ತಿರ ಕಳಿಸಿದರು. ಆಕೆ ಬಹಳ ಒಳ್ಳೆಯವರು, ತಲೆ ಸವರಿ ಬುದ್ಧಿ ಹೇಳಿದರು. ಮನಸ್ಸಿಗೆ ಒತ್ತಡ ಬಂದಾಗ ದೀರ್ಘವಾಗಿ ಉಸಿರು ಎಳೆದು ಬಿಡಬೇಕಂತೆ, ನೀರು ಕುಡಿಯಬೇಕಂತೆ, ಸ್ವಲ್ಪ ಹೊತ್ತು ಎದ್ದು ಓಡಾಡಬೇಕಂತೆ, ನನಗೇ ಅಂತ ಒಂದಿಷ್ಟು ಸಮಯ ಇಟ್ಟುಕೊಳ್ಳಬೇಕಂತೆ. ಬಸ್ಸಿನ ತುಂಬ ಜನ ಕೂರಿಸಿಕೊಂಡು ಎಲ್ಲಿಗೆ ಎದ್ದು ಓಡಾಡಲಿ ಅತ್ತೆ? ನೀರು ಕುಡಿದರೆ ಕೊನೇ ಸ್ಟಾಪಿನವರೆಗೆ ಬಾತ್ರೂಮಿಲ್ಲ. ಆದರೂ ಕೊಟ್ಟ ಬುದ್ಧಿಗೆ ಬೆಲೆ ಕೊಡಬೇಕಲ್ಲ ಎಂದು ಕೆಂಪು ದೀಪದಲ್ಲಿ ಕಣ್ಣು ಮುಚ್ಚಿ ಉಸಿರು ಎಳೆದೆ. ಬಿಡುವಷ್ಟರಲ್ಲಿ ಹಸಿರು ದೀಪ ಹತ್ತಿ, ಹಿಂದಿನವರೆಲ್ಲ ಹಾರ್ನ್ ಬಾರಿಸಿ, ನನ್ನ ಎದೆ ಧಸಕ್ ಅಂದಿತು.

ಹಾಲಿನದು ಇನ್ನೊಂದು ಫಜೀತಿ. ಮಧ್ಯಾಹ್ನದ ಬಿಡುವಿನಲ್ಲಿ ಮಗುವಿಗೆ ಎದೆಹಾಲು ತೆಗೆದಿಡಲು ಹಳೇ ಸಾಮಾನಿನ ಕೋಣೆ ಕೊಟ್ಟಿದ್ದಾರೆ. ಅದಕ್ಕೆ ಚಿಲಕವಿಲ್ಲ. ಒಂದು ಕಾಲಲ್ಲಿ ಬಾಗಿಲು ಒತ್ತಿ ಹಿಡಿದು, ಸವೆದ ಟೈರಿನ ಮೇಲೆ ಕೂತು, ಜೋರಾಗಿ ಹಾಡುತ್ತೇನೆ. ಒಳಗೆ ಜನ ಇದ್ದಾರೆ ಎಂದು ಗೊತ್ತಾಗಲಿ ಎಂದು ಹಾಡಿದ್ದು, ನನ್ನ ಕಂಠ ಕೇಳಿದ ಮೇಲೆ ಆ ಕಡೆ ಯಾರೂ ತಲೆಯನ್ನೇ ಹಾಕುತ್ತಿಲ್ಲ. ಅಪರೂಪಕ್ಕೆ ಬಸ್ಸಿನಲ್ಲಿ ಯಾರದೋ ಕೂಸು ಅತ್ತರೆ ಮಾತ್ರ ಏನೂ ಮಾಡಲಾಗುವುದಿಲ್ಲ, ಅಂಗಿ ಒದ್ದೆ. ಅದಕ್ಕೇ ಈ ಸೆಖೆಯಲ್ಲೂ ಮೇಲೊಂದು ಕೋಟು ಹಾಕಿಕೊಂಡು ಕೂರುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ, ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ. ನಾಳೆ ಸೋಮವಾರ ಬೆಳಗ್ಗೆ ಮೊದಲ ಟ್ರಿಪ್ಪಿನಲ್ಲಿ ನನ್ನ ಬೆನ್ನ ಹಿಂದೆ ಇನ್ಸ್‌ಪೆಕ್ಟರ್ ಕೂರುತ್ತಾರೆ. ನಾಳೆಯೂ ತಡವಾದರೆ ನನ್ನನ್ನು ಸ್ಟೀರಿಂಗಿನಿಂದ ತೆಗೆದು, ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಕನ್ನಡಕ ವಾಪಸು ಕೊಡುವ ಕೌಂಟರಿಗೆ ಹಾಕುತ್ತಾರೆ. “ಸ್ವಲ್ಪ ದಿನ ಅಷ್ಟೇ ಕಣಮ್ಮಾ, ನೀನು ಸುಧಾರಿಸ್ಕೊಳೋ ತನಕ” ಎಂದರು ಕಂಟ್ರೋಲರ್. ಆದರೆ ಆ ಕೌಂಟರಿಗೆ ಹೋದವರು ಯಾರೂ ಮತ್ತೆ ಸ್ಟೀರಿಂಗ್ ಹಿಡಿದಿದ್ದನ್ನು ನಾನು ನೋಡಿಲ್ಲ. ಅವರೂ ಆ ಕೊಡೆಗಳ ಜೊತೆ ಅಲ್ಲೇ ಉಳಿದುಬಿಡುತ್ತಾರೆ. ಇದನ್ನು ಫೋನಿನಲ್ಲಿ ಹೇಳಿದಾಗ ನೀವೇನಂದಿರಿ, ನೆನಪಿದೆಯೇ? “ಒಪ್ಕೊಂಡ್ಬಿಡೇ, ಕೂತು ಮಾಡೋ ಕೆಲ್ಸ, ಹೊತ್ತಿಗೆ ಸರಿಯಾಗಿ ಮನೆ ಸೇರ್ಬೋದು.” ನನಗೆ ಬಹಳ ನೋವಾಯಿತು ಅತ್ತೆ. ಬೇರೆ ಯಾರು ಹೇಳಿದ್ದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಬಸ್ಸಿನ ಲೈಸೆನ್ಸ್ ಪರೀಕ್ಷೆಯ ದಿನ ನನ್ನ ತವರಿನವರೇ ಬೇಡ ಬೇಡ ಎಂದು ಹಿಂದಕ್ಕೆ ಜಗ್ಗುತ್ತಿದ್ದಾಗ, “ಪಾಸಾಗ್ದೆ ಬಂದ್ರೆ ಬಾಗ್ಲು ತೆಗೆಯಲ್ಲ ನೋಡು” ಎಂದು ನನ್ನನ್ನು ಹೊರಗೆ ತಳ್ಳಿ ಕದ ಹಾಕಿಕೊಂಡವರು ನೀವು. ಅದಕ್ಕೇ ನೋವಾಯಿತು. ಇನ್ನೂ ನೋವಾಗಿದ್ದು ಯಾಕೆಂದರೆ, ನೀವು ಹಾಗೆಂದಾಗ ನನ್ನೊಳಗೆ ಯಾವಳೋ ಒಬ್ಬಳು “ಹೂಂ” ಅಂದಳು.

ಆದರೆ ನಿನ್ನೆ ಒಂದು ಘಟನೆ ನಡೆಯಿತು. ನಮ್ಮ ಮನೆ ಸ್ಟಾಪಿನಲ್ಲಿ ಬಾಗಿಲು ತೆರೆದರೆ ಮಾವ! ಇಸ್ತ್ರಿ ಅಂಗಿ, ಪಾಲಿಶ್ ಬೂಟು, ಎದೆಗೆ ಕಟ್ಟಿದ ಚೀಲದಲ್ಲಿ ಕಂಡಕ್ಟರಮ್ಮ, ಅತ್ತು ಅತ್ತು ಕೆಂಪಗಾಗಿದ್ದಾಳೆ. ಮಾವ ನನ್ನನ್ನು ಈ ಜನ್ಮದಲ್ಲಿ ನೋಡಿಯೇ ಇಲ್ಲ ಅನ್ನುವಂತೆ “ಆಸ್ಪತ್ರೆ ಕಡೆ ಹೋಗುತ್ತಾ ಮೇಡಂ?” ಎಂದು ಕೇಳಿದರು. ಮಗುವಿಗೆ ಏನಾಯಿತು ಎಂದೆ. ಏನೂ ಇಲ್ಲವಂತೆ, ಮನೆಯಲ್ಲಿ ಏನು ಮಾಡಿದರೂ ಸುಮ್ಮನಾಗಲಿಲ್ಲವಂತೆ, ಅದಕ್ಕೆ ಗಾಳಿ ಸಂಚಾರಕ್ಕೆ ಹೊರಟರಂತೆ. ದಯವಿಟ್ಟು ಇಳಿಯಿರಿ ಎಂದರೆ, “ಟಿಕೆಟ್ ತಗೊಂಡಿರೋ ಪ್ಯಾಸೆಂಜರನ್ನ ಇಳ್ಸೋ ಹಾಗಿಲ್ಲ” ಎಂದು ಹೋಗಿ ಕನ್ನಡಿಯಲ್ಲಿ ನನಗೆ ಸರಿಯಾಗಿ ಕಾಣುವ ಸೀಟು ನೋಡಿ ಕೂತರು. ಅಲ್ಲಿಂದ ಆಸ್ಪತ್ರೆ ತಿರುವಿನ ತನಕ ಬಸ್ಸು ಓಡಲಿಲ್ಲ, ತೆವಳಿತು. ತಿರುವಿನಲ್ಲಿ ಒಂದು ಹಂಪ್ ಇದೆಯಲ್ಲ, ನನ್ನ ಕಣ್ಣು ಕನ್ನಡಿಯಲ್ಲೇ ನೆಟ್ಟಿತ್ತು, ನೋಡಲೇ ಇಲ್ಲ. ದಡಕ್! ಇಡೀ ಬಸ್ಸು ಎಗರಿ ಕೂತಿತು. ನನ್ನ ಜೀವ ಬಾಯಿಗೆ ಬಂತು. ಹಿಂದಿನಿಂದ ಏನೋ ಒಂದು ಶಬ್ದ. ಅಳು ಎಂದುಕೊಂಡೆ. ಅಳು ಅಲ್ಲ ಅತ್ತೆ, ನಗು! ಇಷ್ಟು ದಿನ ಬರೀ ತುಟಿ ಅಗಲಿಸುತ್ತಿದ್ದವಳು ಮೊದಲ ಸಲ ಬಾಯಿ ತೆರೆದು, ಹಲ್ಲಿಲ್ಲದ ವಸಡೆಲ್ಲ ತೋರಿಸಿ, ಕಿಲಕಿಲ ಎಂದು ನಗುತ್ತಿದ್ದಾಳೆ. ಮಾವನೇ ಕಕ್ಕಾಬಿಕ್ಕಿ. ಮುಂದಿನ ಹಂಪಿಗೆ ಮತ್ತೆ ನಕ್ಕಳು. ಪಕ್ಕದ ಸೀಟಿನವರೂ ನಕ್ಕರು. ಮಾರ್ಕೆಟ್ಟಿನ ಗಲಾಟೆಯಲ್ಲಿ, ಹಾರ್ನಿನ ನಡುವೆ, ಬಾಯಿ ತೆರೆದುಕೊಂಡೇ ನಿದ್ದೆ ಹೋದಳು. ನಾನು ಒಂದು ಬ್ರೇಕು ಜೋರಾಗಿ ಒತ್ತಬೇಕಾಯಿತು, ಅವಳು ಕಣ್ಣು ಸಹ ತೆರೆಯಲಿಲ್ಲ. ನಾನೇನೋ ಅವಳನ್ನು ಗಾಜಿನ ಲೋಟ ಅಂದುಕೊಂಡಿದ್ದೆ. ಅಲ್ಲಿಂದ ಮುಂದೆ ಮೊದಲಿನ ಹಾಗೇ ಓಡಿಸಿದೆ, ರಜೆಯ ನಂತರ ಮೊದಲ ಸಲ ನಿನ್ನೆ ಕೊನೇ ಸ್ಟಾಪಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆ.

ಆದರೆ ಸುದ್ದಿ ನನಗಿಂತ ಮುಂಚೆ ಡಿಪೋ ತಲುಪಿತ್ತು. ಡ್ಯೂಟಿಯಲ್ಲಿರುವಾಗ ಮನೆಯವರನ್ನು ಹತ್ತಿಸಿಕೊಳ್ಳಬಾರದು ಎಂದು ಕಂಟ್ರೋಲರ್ ಖಡಾಖಂಡಿತವಾಗಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ನನ್ನ ಕಣ್ಣು ಕನ್ನಡಿಯಲ್ಲಿತ್ತಲ್ಲ, ಹಂಪಿನ ಬದಲು ಮನುಷ್ಯರಿದ್ದಿದ್ದರೆ? ಹತ್ತುವುದಿಲ್ಲ ಎಂದು ಮಾವ ಮಾತು ಕೊಟ್ಟಿದ್ದಾರೆ. ನಿನ್ನೆಯಿಂದ ಒಂದೇ ಯೋಚನೆ ತಲೆ ತಿನ್ನುತ್ತಿದೆ. ನಿನ್ನೆ ಹೊತ್ತಿಗೆ ಮುಟ್ಟಿದ್ದು ಅವಳು ನನ್ನ ಬೆನ್ನ ಹಿಂದೆ ಇದ್ದಳು ಎಂದೇ? ನಾಳೆ ಅವಳಿರುವುದಿಲ್ಲ. ಇಲ್ಲದಿದ್ದಾಗಲೇ ಅಲ್ಲವೇ ನನಗೆ ಅವಳು ಎಲ್ಲ ಸೀಟಿನಲ್ಲೂ ಕಾಣುವುದು? ಸಾಕು, ಕೌಂಟರೇ ವಾಸಿ ಅನ್ನಿಸುತ್ತದೆ ಒಂದು ಗಳಿಗೆ. ಇನ್ನೊಂದು ಗಳಿಗೆ, ನಾಳೆ ಬೇಗ ಬರಬಾರದೇ ಅನ್ನಿಸುತ್ತದೆ. ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟಿದ್ದೇನೆ, ಮಾಡಿದ್ದನ್ನೇ ಇನ್ನೊಮ್ಮೆ ಮಾಡಿ ಬರುತ್ತೇನೆ.

ದೊಡ್ಡತ್ತೆಗೆ ನನ್ನ ನಮಸ್ಕಾರ ಹೇಳಿ, ಕೋಲು ಹಿಡಿಯಲು ನಾಚಿಕೆ ಪಡಬಾರದು ಎಂದೂ ಹೇಳಿ. ನೀವು ಯಾವಾಗ ಬರುತ್ತೀರಿ ಎಂದು ನಿಮ್ಮ ಮಗ ನಿದ್ದೆಗಣ್ಣಲ್ಲೇ ಕೇಳಿದ್ದಾರೆ, ಮಾವ ಕೇಳಿಲ್ಲ, ಆದರೆ ನಿಮ್ಮ ಶಾಲು ಅವರ ದಿಂಬಿನ ಕೆಳಗಿದೆ. ಮಾತ್ರೆ ಮರೆಯಬೇಡಿ. ನಾಳೆಗೆ ನಿಮ್ಮ ಆಶೀರ್ವಾದ ಬೇಕು, ಈ ಕಾಗದ ಮುಟ್ಟುವುದರೊಳಗೆ ನಾಳೆ ಕಳೆದಿರುತ್ತದೆ, ಆದರೂ ಬೇಕು.

ನಿಮ್ಮ ಗಡಿಬಿಡಿ ಸೊಸೆ

ತಾ.ಕ.: ಸೋಮವಾರ, ಡಿಪೋದ ಬೆಂಚಿನ ಮೇಲೆ. ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ಮುಂದಿನ ಟ್ರಿಪ್ಪಿಗೆ ಹೊರಡಬೇಕು, ಅವಸರದಲ್ಲಿ ಗೀಚುತ್ತಿದ್ದೇನೆ. ಇನ್ಸ್‌ಪೆಕ್ಟರ್ ಬೆನ್ನ ಹಿಂದೆ ಕೂತರು. ನಮ್ಮ ಸ್ಟಾಪಿನಲ್ಲಿ ನೋಡಿದರೆ ಮಾವ. ಹತ್ತುವುದಿಲ್ಲ ಎಂದಷ್ಟೇ ಮಾತು ಕೊಟ್ಟಿದ್ದರು, ನಿಲ್ಲುವುದಿಲ್ಲ ಎಂದಲ್ಲವಲ್ಲ! ಅವಳನ್ನು ಎತ್ತಿಕೊಂಡು ಸಾವಧಾನ್ ಮಾಡಿದ ಹಾಗೆ ನಿಂತಿದ್ದರು. ಬಾಗಿಲು ತೆರೆದೆ. ಅವಳು ನನ್ನನ್ನು ನೋಡಿದಳು, ಎರಡೂ ಕೈ ಚಾಚಿದಳು. ಜನ ಹತ್ತಿ ಮುಗಿದರು. ನಾನು ಬಾಗಿಲು ಹಾಕಿದೆ. ಆಗ ಕೂಗಿದಳು ನೋಡಿ ಅತ್ತೆ, ಮನೆಗೆ ಮನೆಯೇ ನಿಲ್ಲುವ ಆ ಕೂಗು. ಎದೆಯಲ್ಲಿ ಹಾಲಿಳಿಯಿತು, ಕಣ್ಣಲ್ಲಿ ನೀರಿಳಿಯಿತು. ಬಸ್ಸು ನಿಲ್ಲಲಿಲ್ಲ. ಗೇರು ಹಾಕಿ ಹೊರಟೆ, ಹೊತ್ತಿಗೆ ಮುಟ್ಟಿದೆ. ಇಳಿಯುವಾಗ ಇನ್ಸ್‌ಪೆಕ್ಟರ್ “ಹಂಪ್‌ನಲ್ಲಿ ಸ್ವಲ್ಪ ನಿಧಾನ ಮೇಡಂ” ಎಂದರು! ಮಾವ ಫೋನ್ ಮಾಡಿದ್ದರು, ಬಸ್ಸು ತಿರುಗುವ ತನಕ ಅತ್ತಳಂತೆ, ಆಮೇಲೆ ಅವರ ಕಾಲರ್ ಚೀಪುತ್ತಾ ಸುಮ್ಮನಾದಳಂತೆ. ನಾನು ಕೌಂಟರಿಗೆ ಹೋಗುವುದಿಲ್ಲ. ನೀವು ಓಡಿ ಬರಬೇಡಿ, ದೊಡ್ಡತ್ತೆ ನಡೆದಾಡುವ ಹಾಗಾದ ಮೇಲೆ ಬನ್ನಿ. ಬಂದಾಗ ಆಟೋಗೀಟೋ ಹಿಡಿಯಬೇಡಿ, ಸ್ಟಾಪಿನಲ್ಲಿ ನಿಂತಿರಿ. ನನ್ನ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ.